ಹೂ ಎಡಕ್ಕೆ ಬಿತ್ತು

“ಹೂ ಎಡಕ್ಕ ಬಿತ್ರಿ ಸಿಸ್ಟರ್. ದೇವ್ರು ಬ್ಯಾಡ ಅಂದಾನ. ಸೂಜಿನೂ ಬ್ಯಾಡ, ಗುಳಗಿನೂ ಬ್ಯಾಡ.”

ನಮ್ಮ ಆಸ್ಪತ್ರೆಗೆ ಬಂದಿದ್ದ ದೇವರ ಹಿಪ್ಪರಗಿ ಕಡೆಯ ಹೆಂಗಸು ಹೀಗೆ ಹೇಳಿ ಚೀಲ ಎತ್ತಿಕೊಂಡರು. ಪಕ್ಕದಲ್ಲಿ ಕೂತ ಸೊಸೆಗೆ ಲೂಪಸ್, ದೇಹದ ರಕ್ಷಣಾ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ರೋಗ. ಕೆನ್ನೆಯ ಕೆಂಪು ಕಲೆ ಕಾಣದಂತೆ ಸೆರಗು ಎಳೆದುಕೊಂಡಿದ್ದಳು, ಪಾದಗಳು ಬಾತಿದ್ದವು. ರೋಗ ಕಿಡ್ನಿಗೆ ಇಳಿದಿದೆ, ಸೂಜಿಯೋ ಗುಳಿಗೆಯೋ ಬೇಗ ತೀರ್ಮಾನಿಸಿ ಎಂದು ಡಾಕ್ಟರು ಹಿಂದಿನ ವಾರವೇ ಅತ್ತೆಗೆ ಹೇಳಿದ್ದರು. ಸೂಜಿಯಿಂದ ಮುಂದೆ ಮಕ್ಕಳಾಗಲು ತೊಂದರೆಯಾಗಬಹುದು ಎಂದು ಕೇಳಿದ್ದೇ ತಡ, ಮನೆಯವರು ಗುಡಿಗೆ ಹೋಗಿ ದೇವರ ಮೇಲೆ ಹೂವಿಟ್ಟು, ಚಿಕಿತ್ಸೆಯೇ ಬೇಕೋ ಬೇಡವೋ ಎಂದು ಅಪ್ಪಣೆ ಕೇಳಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಸೊಸೆಯ ಕಡೆ ತಿರುಗಿ, “ನಿನಗೇನ ಅನಸ್ತೈತಿ ತಂಗಿ?” ಎಂದೆ.

ಆಕೆ ಮೊದಲ ಸಲ ತಲೆ ಎತ್ತಿದಳು. “ದೇವ್ರನ್ನ ಕೇಳಿದ್ರು, ನನ್ನ ಯಾರೂ ಕೇಳಿಲ್ರಿ. ಈಗ ನೀವು ಕೇಳಿದ್ರೂ ಏನ ಹೇಳ್ಲಿ? ನನಗೇನಾಗೈತಿ ಅಂತನೂ ಯಾರೂ ಹೇಳಿಲ್ಲ.”

ನಾನು ಹೇಳತೊಡಗಿದೆ. ಬಸ್ ತಪ್ಪುತ್ತದೆ ಎಂದು ಅತ್ತೆ ಆಕೆಯ ರಟ್ಟೆ ಹಿಡಿದು ಎಬ್ಬಿಸಿದರು.

ಬೇಸಿಗೆ ಮುಗಿಯುವುದರೊಳಗೆ ಆಕೆಯನ್ನು ಸ್ಟ್ರೆಚರ್ ಮೇಲೆ ತಂದರು. ಅತ್ತೆ ನನ್ನ ಕೈ ಹಿಡಿದು, “ಸೂಜಿರೆ ಮಾಡ್ರಿ, ಗುಳಗಿರೆ ಕೊಡ್ರಿ, ನೀವ ಹೇಳ್ರಿ” ಎಂದು ಅತ್ತರು. ನಾನು ಅಂದಿನಂತೆ ಸೊಸೆಯ ಕಡೆಗೇ ತಿರುಗಿದೆ. ಆಕೆಗೆ ಪ್ರಜ್ಞೆ ಇರಲಿಲ್ಲ.