ಹೋತದಕ್ಕನ ಸೀಮೆ ಹೋತ

ಸುತ್ತಲಿನ ಆಡುಗಳೆಲ್ಲ ಗಬ್ಬವಾಗುತ್ತಿದ್ದುದು ಅವಳ ನಾಟಿ ಹೋತದಿಂದ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಹೋತದಕ್ಕ. ಬುದ್ಧಿಗೆ ಅದ್ಯಾವ ಮಂಕು ಕವಿದಿತ್ತೋ, ಜೋಲುಕಿವಿಯ, ಎದೆಯೆತ್ತರದ ಸೀಮೆ ಹೋತವನ್ನು ಕೊಂಡು ತಂದವಳೇ, ಇನ್ನು ಹುಟ್ಟುವ ಮರಿಗಳೆಲ್ಲ ಇದರವೇ ಆಗಲೆಂದು ಹಳೆಯದರ ಬೀಜ ಒಡೆಸಿಬಿಟ್ಟಳು.

ಹೊಸ ಹೋತದ ಮರಿಗಳು ಹೊಟ್ಟೆಯಲ್ಲೇ ದೊಡ್ಡದಾಗಿ ಬೆಳೆದವು. ಸಣ್ಣ ಸೊಂಟದ ಅವಳ ನಾಟಿ ಆಡುಗಳು ಹೆರಲಾರದೆ ಒಂದರ ಹಿಂದೊಂದು ಅವಳ ಮಡಿಲಲ್ಲೇ ಸತ್ತವು.

ಉಳಿದ ಒಂದೇ ಆಡು ಬೆದೆಗೆ ಬಂದಾಗ, ಅದನ್ನು ಹಿಡಿದುಕೊಂಡು ನಾಟಿ ಹೋತಕ್ಕಾಗಿ ಮನೆಮನೆ ಅಲೆದಳು. ಹಿತ್ತಲುಗಳಲ್ಲಿ ಗಂಡುಗಳೇನೋ ಇದ್ದವು. ಕೊಬ್ಬಿ ಮೆಲುಕು ಹಾಕುತ್ತಿದ್ದವು, ಒಂದೂ ಅವಳ ಆಡನ್ನು ಮೂಸಿ ನೋಡಲಿಲ್ಲ.

ಕೊನೆಯ ಮನೆಯಲ್ಲಿದ್ದ ಓರಗಿತ್ತಿ ಹೇಳಿದಳು: "ಎಲ್ಲಿಂದ ತರ್ಲಿ ಅಕ್ಕಾ? ಹೋತದ ವಿಷಯ ನಿನಗಿಂತ ಇನ್ಯಾರಿಗೆ ಗೊತ್ತು ಅಂತ, ನೀನು ಒಡೆಸಿದ್ದು ನೋಡಿ ನಾವೆಲ್ಲರೂ ಒಡೆಸಿಬಿಟ್ವಲ್ಲ."