ಮೊರ ನುಚ್ಚಿಗೆ ಮಾರಿದ ತಮ್ಮ

ಪರಕಾರ-ಪೋಲಕಾ ಹಾಕಿಕೊಂಡು ಓಣಿಯೆಲ್ಲ ಓಡಾಡುವಷ್ಟು ನಾನು ಚಿಕ್ಕವಳಿದ್ದಾಗ, ಅಕ್ಕಿಆಲೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಮುಂಜಾನೆ ನನ್ನ ತಮ್ಮನನ್ನು ಮಾರಿಬಿಟ್ಟರು. ನಗಬೇಡಿರಿ, ನಿಜವಾಗಿಯೂ ಮಾರಿದರು. ಮಾರಿದವಳು ಆಯಿ, ಅಂದರೆ ನನ್ನ ಅಪ್ಪನ ತಾಯಿ. ಕೊಂಡವಳು ಗೋಡೆಯಾಚೆಯ ಮನೆಯ ಚಾಚಿ. ಅಪ್ಪ ಬಾವಿಕಟ್ಟೆಗೆ ಆನಿಕೊಂಡು ನೆಲ ನೋಡುತ್ತಿದ್ದ. ಅವ್ವ ಕಿವಿ ಮುಚ್ಚುವ ಹಾಗೆ ತಲೆಗೆ ಬಟ್ಟೆ ಕಟ್ಟಿಕೊಂಡು, ಬಾಣಂತಿ ಕೋಣೆಯ ಹೊಸ್ತಿಲಿನ ಒಳಗೇ ನಿಂತಿದ್ದಳು. ಓಣಿಯ ನಾಲ್ಕಾರು ಹೆಂಗಸರೂ ಬಂದಿದ್ದರು. ತಮ್ಮ ಮಾತ್ರ ಕುಂಚಿಗೆಯೊಳಗೆ ಮುಖ ಹುದುಗಿಸಿ ನನ್ನ ತೊಡೆಯ ಮೇಲೆ ಮಲಗಿದ್ದ. ಅವನ ಮೈಯಿಂದ ಎಣ್ಣೆಯ, ಬಜೆಯ, ಲೋಬಾನ ಹೊಗೆಯ ವಾಸನೆ ಬರುತ್ತಿತ್ತು.

ಅವನಿಗಿಂತ ಮೊದಲು ನಮ್ಮ ಮನೆಯಲ್ಲಿ ಎರಡು ಕೂಸುಗಳು ಹುಟ್ಟಿ ಹೋಗಿದ್ದವು. ಮೊದಲನೆಯದಕ್ಕೆ ಜ್ವರ ಬಂದಾಗ ಅಪ್ಪ ಚಕ್ಕಡಿ ಹೂಡಿ ಹಾನಗಲ್ಲಿನ ದವಾಖಾನೆಗೆ ಹೊರಟಿದ್ದನಂತೆ. ಮಾಗಿಯ ಥಂಡಿ ಗಾಳಿ. ಊರ ಸೀಮೆ ದಾಟುವಷ್ಟರಲ್ಲಿ ಕೂಸು ಆಯಿಯ ಮಡಿಲಲ್ಲೇ ತಣ್ಣಗಾಯಿತು. ಎರಡನೆಯದು ಬೆಳ್ಳಗೆ, ದುಂಡಗೆ ಇತ್ತು. ನೋಡಿದವರೆಲ್ಲ ಹೊಗಳಿದರು, ಆಯಿ ಹೆಮ್ಮೆಯಿಂದ ದೊಡ್ಡ ದೇವರ ಹೆಸರಿಟ್ಟಳು. ಅದೂ ಉಳಿಯಲಿಲ್ಲ. ಆಮೇಲೆ ಆಯಿ ಮನಸ್ಸಿನಲ್ಲೇ ಎರಡು ಗಂಟು ಹಾಕಿಕೊಂಡಿದ್ದಳು. ಎಳೆಗೂಸು ಊರ ಸೀಮೆ ದಾಟಬಾರದು. ಎಳೆಗೂಸಿಗೆ ಕಣ್ಣು ತಾಗುವಂಥ ಹೆಸರು ಇಡಬಾರದು.

ನಮ್ಮ ಕಡೆ ಆಗ ಒಂದು ರೂಢಿ ಇತ್ತು. ಕೂಸು ನಿಲ್ಲದ ಮನೆಯವರು, ಹೆತ್ತ ಮಕ್ಕಳೆಲ್ಲ ಗಟ್ಟಿಯಾಗಿ ಉಳಿದ ಹೆಂಗಸೊಬ್ಬಳಿಗೆ ತಮ್ಮ ಕೂಸನ್ನು ಮಾರುತ್ತಿದ್ದರು. ಅವಳು ಒಂದು ಮೊರ ನುಚ್ಚು ಕೊಡಬೇಕು, ಕೂಸನ್ನು ತೆಗೆದುಕೊಳ್ಳಬೇಕು, ಹೆಸರಿಡಬೇಕು. ಆ ನುಚ್ಚನ್ನು ಬೇಯಿಸಿ ಬಾಣಂತಿಗೆ ಉಣ್ಣಿಸಿದರೆ ವ್ಯಾಪಾರ ಮುಗಿಯಿತು. ಅಂದಿನಿಂದ ಕೂಸು ಆಕೆಯದು. ಹೆತ್ತವಳು ಬರೀ ಹಾಲು ಕುಡಿಸುವ ಆಳು. ಈ ಮನೆಯಲ್ಲಿ ಕೂಸೇ ಇಲ್ಲ ಎಂದು ಸಾವು ಬಾಗಿಲಿನಿಂದಲೇ ತಿರುಗಿ ಹೋಗುತ್ತದೆ ಎಂಬ ನಂಬಿಕೆ. ಹೆಸರೂ ಹಾಗೆಯೇ, ತಿಪ್ಪ, ಕಸಪ್ಪ, ಗುಂಡ ಎಂದು ಯಾರಿಗೂ ಬೇಡವಾದಂಥದ್ದು.

ಚಾಚಿಯನ್ನು ಆರಿಸಿದ್ದು ಆಯಿಯೇ. ಚಾಚಿ ಸವಣೂರಿನಿಂದ ನಮ್ಮೂರಿಗೆ ಬಂದು ನೆಲೆಸಿದವಳು, ಸಂತೆಯಲ್ಲಿ ವೀಳ್ಯದೆಲೆ ಮಾರುವವಳು. ಆರು ಮಕ್ಕಳ ತಾಯಿ. ಆರೂ ಮಕ್ಕಳು ಮಳೆಯಲ್ಲಿ ನೆನೆದರೂ ಸೀನುತ್ತಿರಲಿಲ್ಲ. ಅಂದು ಸಂತೆಯ ದಿನ. ಹಾಗಾಗಿ ಅವಳು ಒದ್ದೆ ಗೋಣಿಯಲ್ಲಿ ಸುತ್ತಿದ ಎಲೆಬುಟ್ಟಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಅವಸರದಲ್ಲಿ ಬಂದಿದ್ದಳು.

ಆಯಿ ರೂಢಿಯ ಮಾತು ಶುರು ಮಾಡಿದಳು. “ಯವ್ವಾ, ಈ ಕಸ ನಮಗ ಬ್ಯಾಡಾಗೇತಿ. ತಗೊಂಡ ಹೋಗ.”

“ಕಸ ಅಂದ್ರ ನಾ ಒಯ್ಯಂಗಿಲ್ಲರಿ ಆಯಿ. ನಮ್ಮ ಮನ್ಯಾಗ ಕಸಕ್ಕ ಕಡಿಮಿ ಐತೇನ? ಆರು ಮಂದಿ ಹರವ್ತಾರ. ಕೂಸು ಅನ್ರಿ, ತಗೋತೇನಿ.”

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಆಯಿಗೆ ನಗು ಬರಲಿಲ್ಲ. “ಹಂಗ ಅನ್ನಬೇಕವ್ವಾ, ಅದು ಪದ್ಧತಿ” ಎಂದು ಮೆಲ್ಲಗೆ ಹೇಳಿದಳು. ಚಾಚಿ ನುಚ್ಚಿನ ಮೊರವನ್ನು ಆಯಿಯ ಕೈಗಿಟ್ಟು, ನನ್ನ ತೊಡೆಯಿಂದ ತಮ್ಮನನ್ನು ಎತ್ತಿಕೊಂಡಳು. ತೊಡೆ ಒಮ್ಮೆಲೇ ಹಗುರವಾಯಿತು. ಬಾಗಿಲಲ್ಲಿ ನಿಂತಿದ್ದ ಅವ್ವ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹೆಸರಿಡುವಾಗ ಕೂಸಿನ ಕಿವಿಯಲ್ಲಿ ‘ಕುರ್ರ್’ ಎನ್ನಬೇಕು. ಆಗ ಉಳಿದ ಹೆಂಗಸರು ಹೆಸರಿಡುವವಳ ಬೆನ್ನಿಗೆ ಗುದ್ದಬೇಕು. ಗುದ್ದು ಬೀಳುತ್ತಲೇ ಚಾಚಿ, “ಮೆಲ್ಲಕ ಗುದ್ದ್ರವ್ವಾ, ಇನ್ನ ಎಲಿಬುಟ್ಟಿ ಹೊರಬೇಕು ನಾ!” ಎಂದು ಕೂಗಿದಳು. ಆಮೇಲೆ ತಮ್ಮನ ಕಿವಿಯ ಹತ್ತಿರ ಬಾಗಿ ಹೆಸರು ಹೇಳಿದಳು. ಹಿತ್ತಲಿಗೆಲ್ಲ ಕೇಳಿಸುವಷ್ಟು ಜೋರಾಗಿ ಮತ್ತೊಮ್ಮೆ ಹೇಳಿದಳು.

“ಉಮರ್‌ದರಾಜ.”

ನಮ್ಮ ಓಣಿಯಲ್ಲಿ ಅಂಥ ಹೆಸರನ್ನು ಯಾರೂ ಕೇಳಿರಲಿಲ್ಲ.

“ಹಂಗಂದ್ರ ಏನವ್ವಾ?” ಎಂದಳು ಆಯಿ.

“ಭಾಳ ವರ್ಷ ಬಾಳಾಂವ ಅಂತ. ನಮ್ಮ ಅಜ್ಜನ ಹೆಸರದು. ಹಲ್ಲೆಲ್ಲಾ ಬಿದ್ದ ಮ್ಯಾಲೂ ಹುರಗಡ್ಲಿ ಕೇಳ್ತಿದ್ದಾ ಮನುಷ್ಯಾ.”

ಆಯಿಯ ಮುಖದ ಬಣ್ಣ ಇಳಿದುಹೋಯಿತು. ಅವಳು ಕೂಸನ್ನು ಬಚ್ಚಿಡಲು ಹೊರಟಿದ್ದಳು. ಚಾಚಿ ನಡುಹಿತ್ತಲಲ್ಲಿ ನಿಂತು ಅವನು ಬಾಳುತ್ತಾನೆ ಎಂದು ಸಾರಿಬಿಟ್ಟಿದ್ದಳು. “ಬ್ಯಾರೆ ಹೆಸರ ಇಡವ್ವಾ, ತಿಪ್ಪ ಅನ್ನು, ನಿನಗ ಕೈ ಮುಗೀತೇನಿ” ಎಂದು ಆಯಿ ಅಂಗಲಾಚಿದಳು. ಚಾಚಿ ಒಪ್ಪಲಿಲ್ಲ. “ಕೊಂಡಾಕಿ ನಾನು. ನನ್ನ ಕೂಸನ್ನ ನಾ ತಿಪ್ಪಿ ಅಂತ ಕರಿಲ್ಯಾ?” ರೂಢಿಯ ಪ್ರಕಾರ ಅವಳ ಮಾತೇ ಸರಿ. ಕೊಂಡವಳು ಇಟ್ಟ ಹೆಸರನ್ನು ಬದಲಿಸಲು ಯಾರಿಗೂ ಅಧಿಕಾರವಿಲ್ಲ. ಚಾಚಿ ತಮ್ಮನನ್ನು ಅವ್ವನ ಕೈಗೆ ಕೊಟ್ಟು, “ನನ್ನ ಕೂಸಿಗೆ ಹೊಟ್ಟಿ ತುಂಬ ಹಾಲ ಕುಡಸು, ಸಂಜಿಗೆ ಬಂದ ನೋಡ್ತೇನಿ” ಎಂದು ತಮಾಷೆಯ ದರ್ಪ ತೋರಿಸಿ, ಬುಟ್ಟಿ ಹೊತ್ತು ಹೋದಳು.

ಆಯಿಯೇ ನುಚ್ಚು ಬೇಯಿಸಿದಳು. ಬಿಸಿ ನುಚ್ಚಿನ ಮೇಲೆ ತುಪ್ಪ ಬಿಟ್ಟು ಅವ್ವನ ಮುಂದಿಟ್ಟಳು. ಅವ್ವ ಒಂದು ಅಗುಳನ್ನೂ ಬಿಡದೆ ಉಂಡಳು. ಉಣ್ಣುವಾಗ ಅವಳ ಕಣ್ಣಿನ ನೀರು ತಟ್ಟೆಯೊಳಗೆ ಬಿದ್ದದ್ದನ್ನು ನಾನು ನೋಡಿದೆ.

ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ತಮ್ಮನ ಮೈ ಕಾದಿತ್ತು. ಮೊದಲು ಅಗ್ಗಿಷ್ಟಿಕೆಯ ಕಾವು ಇರಬೇಕೆಂದು ಅದನ್ನು ದೂರ ಸರಿಸಿದೆವು. ಮೈ ತಣ್ಣಗಾಗಲಿಲ್ಲ. ಅವ್ವ ಎದೆಗೆ ಹಚ್ಚಿಕೊಂಡರೆ ಬಾಯಿ ತೆರೆಯಲೇ ಇಲ್ಲ. ಅಳು ಕೂಡ ಸಣ್ಣಗಾಗುತ್ತ ಬಂದು, ಬಾಗಿಲ ತಿರುಗುಣಿ ಕಿರುಗುಟ್ಟಿದ ಹಾಗೆ ಕೇಳತೊಡಗಿತು. ಆಯಿ ಬಜೆ ತೇಯ್ದು ನೆಕ್ಕಿಸಿದಳು, ದೃಷ್ಟಿ ತೆಗೆದು ಮೆಣಸಿನಕಾಯಿ ಬೆಂಕಿಗೆ ಹಾಕಿದಳು. ಘಾಟಿಗೆ ನಾವೆಲ್ಲ ಕೆಮ್ಮಿದೆವು. ಕೂಸು ಕೆಮ್ಮಲೂ ಇಲ್ಲ.

“ದವಾಖಾನಿಗೆ ಒಯ್ಯೋಣೇನ?” ಎಂದ ಅಪ್ಪ.

“ಸೀಮಿ ದಾಟಸಬ್ಯಾಡ” ಎಂದಳು ಆಯಿ. “ಒಂದ ಸಲ ದಾಟಿಸಿ ನೋಡೇವಿ. ಇದು ಆ ಹೆಸರಿನ ತಾಪ. ಹೆಸರ ತಗಸ್ತೇನಿ, ಜ್ವರ ತಾನ ಇಳೀತೈತಿ.”

ಅಪ್ಪ ಎತ್ತಿಕೊಂಡಿದ್ದ ಛತ್ರಿಯನ್ನು ಮತ್ತೆ ಮೂಲೆಗಿಟ್ಟ. ಚಕ್ಕಡಿಯ ಆ ದಿನ ಅವನಿಗೂ ಮರೆತಿರಲಿಲ್ಲ. ಆಯಿ ನಮ್ಮ ಗಡಿಗೆಯಿಂದಲೇ ನುಚ್ಚು ತೆಗೆದು ಮೊರ ತುಂಬಿದಳು. ವ್ಯಾಪಾರ ಮುರಿದು, ಕೂಸನ್ನು ವಾಪಸು ಪಡೆದು, ತಾನೇ ತಿಪ್ಪ ಎಂದು ಕರೆಯಬೇಕೆಂಬುದು ಅವಳ ವಿಚಾರ. ನನ್ನ ಕೈ ಹಿಡಿದುಕೊಂಡು ಉರಿಬಿಸಿಲಲ್ಲಿ ಸಂತೆಗೆ ನಡೆದಳು. ಸಂತೆಯಲ್ಲಿ ಬೆಲ್ಲದ ವಾಸನೆ, ಒಣಮೀನಿನ ವಾಸನೆ, ಅಕ್ಕಿ ಗಿರಣಿಯಿಂದ ಹಾರಿಬಂದ ತೌಡಿನ ಧೂಳು. ಅವುಗಳ ನಡುವೆ ಚಾಚಿ ಎಲೆಗಳ ಮೇಲೆ ನೀರು ಚಿಮುಕಿಸುತ್ತ ಕುಳಿತಿದ್ದಳು.

ಆಯಿ ಮೊರವನ್ನು ಅವಳ ಮುಂದಿಟ್ಟಳು. “ನಿನ್ನ ನುಚ್ಚು ನೀ ತಗೋ. ನಮ್ಮ ಕೂಸು ನಮಗ ಕೊಡು.”

“ಯಾಕ್ರಿ ಆಯಿ? ನಾ ಕೊಟ್ಟ ನುಚ್ಚು ನಿಮ್ಮ ಸೊಸಿ ಉಂಡಿಲ್ಲೇನು?”

“ಉಂಡಾಳ.”

“ಮತ್ತ? ಉಂಡ ಮ್ಯಾಲೆ ಮುಗೀತಲ್ರಿ. ನೀವ ಹೇಳಿದ ಪದ್ಧತಿ.”

ಬೇಯಿಸಿದವಳೂ ಆಯಿಯೇ, ಬಡಿಸಿದವಳೂ ಆಯಿಯೇ. ಆದರೂ ಅವಳು ಮೊರವನ್ನು ಇನ್ನಷ್ಟು ಮುಂದೆ ತಳ್ಳಿದಳು. “ಕೂಸಿಗೆ ಜ್ವರ ಬಂದೈತಿ ಚಾಚಿ, ಹಾಲ ಕುಡಿವಲ್ದು” ಎಂದು ನಾನೇ ಹೇಳಿಬಿಟ್ಟೆ.

ಚಾಚಿ ಎದ್ದು ನಿಂತಳು. “ನನ್ನ ಕೂಸಿಗೆ ಜ್ವರ ಬಂದ್ರ ಮೊದಲ ಅದನ್ನ ಹೇಳಬ್ಯಾಡೇನ್ರಿ? ನುಚ್ಚು ಹಿಡಕೊಂಡ ಬಂದೀರಲ್ಲಾ!” ಎಂದವಳೇ, ಎಲೆಬುಟ್ಟಿಯನ್ನು ಪಕ್ಕದ ಮೆಣಸಿನಕಾಯಿ ಮಾರುವವಳ ಕಡೆ ತಳ್ಳಿ, ಬಾಡಿಗೆಯ ಜಾಗವನ್ನೂ ಗಿರಾಕಿಗಳನ್ನೂ ಬಿಟ್ಟು ಮನೆಯ ಕಡೆ ಓಡಿದಳು. ನಾವು ಅವಳ ಹಿಂದೆ ಓಡಿದೆವು.

ಮನೆಗೆ ಬಂದು ತಮ್ಮನ ಹಣೆ ಮುಟ್ಟಿ ನೋಡಿದ ಚಾಚಿ ತಡಮಾಡಲಿಲ್ಲ. ಅವನನ್ನು ಎತ್ತಿ ಎದೆಗೆ ಒತ್ತಿಕೊಂಡು, “ಹಾನಗಲ್ಲಿಗೆ ಒಯ್ತೇನಿ, ಬಸ್ಸಿನ ಹೊತ್ತಾತು” ಎಂದಳು. ಆಯಿ ತಲೆಬಾಗಿಲಿಗೆ ಅಡ್ಡ ನಿಂತಳು. ಎರಡೂ ಕೈ ಅಗಲಿಸಿ ನಿಂತಿದ್ದ ಆಯಿಯನ್ನು ನೋಡಿದರೆ ಸಿಟ್ಟಿಗಿಂತ ಹೆಚ್ಚಾಗಿ ಅಂಜಿಕೆಯೇ ಕಾಣುತ್ತಿತ್ತು. “ದಾರ್‍ಯಾಗ ಹೋಗಿಬಿಡ್ತೈತಿ ಅದು, ನನ್ನ ಮಡಿಲಾಗ ಹೋಗೇತಿ ಒಂದು, ನಾ ಬಿಡಂಗಿಲ್ಲ” ಎನ್ನುತ್ತಿದ್ದಳು.

ಆಗ ಅವ್ವ ಹೊರಗೆ ಬಂದಳು. ಬಾಣಂತಿಯಾದ ದಿನದಿಂದ ದಾಟದ ಹೊಸ್ತಿಲನ್ನು ದಾಟಿ, ತಲೆಯ ಬಟ್ಟೆಯನ್ನು ಇನ್ನಷ್ಟು ಬಿಗಿದುಕೊಂಡು, ಆಯಿಯ ಎದುರು ನಿಂತಳು. ಅವ್ವ ಅತ್ತೆಗೆ ಎದುರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಂದೂ ಅವಳು ದನಿ ಏರಿಸಲಿಲ್ಲ.

“ಅತ್ತೀ, ಕೂಸು ನಮ್ಮದಲ್ಲ. ನೀವ ಮಾರೀರಿ. ಅವರು ಒಯ್ತೇನಿ ಅಂದ್ರ ನಾವು ಬ್ಯಾಡ ಅನ್ನಾಕ ಬರಂಗಿಲ್ಲ. ನಾ ಹಾಲ ಕುಡಸೂ ಆಳು, ಅವರ ಬೆನ್ನ ಹಿಂದ ಹೋಗಬೇಕು.”

ಆಯಿಯ ಕೈಗಳು ಮೆಲ್ಲಗೆ ಕೆಳಗಿಳಿದವು. ಅವಳು ಬಾಗಿಲು ಬಿಟ್ಟು ಗೋಡೆಗೆ ಸರಿದಳು. ಅಪ್ಪ ಕೌದಿ, ಛತ್ರಿ ಎತ್ತಿಕೊಂಡು ಅವರ ಹಿಂದೆ ಹೊರಟ.

ಮನೆಯಲ್ಲಿ ನಾನು, ಆಯಿ ಇಬ್ಬರೇ ಉಳಿದೆವು. ಆರಿದ ಅಗ್ಗಿಷ್ಟಿಕೆಯ ಮುಂದೆ ಆಯಿ ಕುಳಿತೇ ಇದ್ದಳು. ನಾನು ತಮ್ಮನ ಹೆಸರನ್ನು ಬಾಯಿಯೊಳಗೇ ಹೇಳಿ ನೋಡಿಕೊಂಡೆ. ಆಯಿಗೆ ಕೇಳಿಸಿದರೆ ಎಂಬ ಹೆದರಿಕೆಯಿಂದ ನಿಲ್ಲಿಸಿದೆ. ಸಂಜೆಯ ಬಸ್ಸಿನ ಕಂಡಕ್ಟರ ಬಂದು, ಕೂಸನ್ನು ದವಾಖಾನೆಯಲ್ಲಿ ಇಟ್ಟುಕೊಂಡಿದ್ದಾರೆ, ಜೀವ ಇದೆ, ಮುಂದಿನದು ಹೇಳಲು ಬರುವುದಿಲ್ಲ ಎಂದು ಅಪ್ಪ ಹೇಳಿ ಕಳಿಸಿದ್ದನ್ನು ತಿಳಿಸಿ ಹೋದ. ‘ಜೀವ ಇದೆ’ ಎಂಬುದನ್ನು ಆಯಿ ನನ್ನಿಂದ ಮತ್ತೆ ಮತ್ತೆ ಹೇಳಿಸಿದಳು.

ವಾರ ಕಳೆದ ಮೇಲೆ ಅವರು ಮರಳಿದರು. ಅವ್ವ ಒಣಗಿದ ಕಡ್ಡಿಯಾಗಿದ್ದಳು, ತಮ್ಮ ಹಿಡಿಯಷ್ಟಾಗಿದ್ದ, ಆದರೆ ಹಸಿವಿಗೆ ಕಿರುಚಿ ಅಳುತ್ತಿದ್ದ. ಹಿರೇಕೆರೂರಿನಿಂದ ಬಂದಾಗಲೆಲ್ಲ ನಿಮಗೆ ಬೆಂಡು-ಬತ್ತಾಸು ತರುತ್ತಾನಲ್ಲ, ನೀವು ದರಾಜಜ್ಜ ಎನ್ನುತ್ತೀರಲ್ಲ, ಅವನೇ ಆ ಕೂಸು. ಊರಿನಲ್ಲಿ ಅಂಥ ಹೆಸರು ಅವನೊಬ್ಬನಿಗೇ ಇದ್ದದ್ದರಿಂದ ಸಾಲಿಯಲ್ಲಿ ಹುಡುಗರು ಕಾಡಿಸುತ್ತಿದ್ದರು. ಅವನು ಹೆಸರು ಬದಲಿಸುತ್ತೇನೆ ಎಂದು ಒಮ್ಮೆಯೂ ಅನ್ನಲಿಲ್ಲ.

ನಿಮ್ಮ ಮನೆಗಳಲ್ಲಿ ಈಗ ಕೂಸು ಹುಟ್ಟುವ ಮೊದಲೇ ಎಲ್ಲರೂ ಫೋನು ಹಿಡಿದು ಕುಳಿತು, ಯಾರೂ ಇಟ್ಟಿರದ ಹೆಸರು ಹುಡುಕುತ್ತೀರಿ. ಹೆಸರು ಚೆಂದವೋ ಅಲ್ಲವೋ ಎಂದು ಜಗಳವಾಡುತ್ತೀರಿ. ಹುಟ್ಟಿದ ದಿನವೇ ಕೂಸಿಗೆ ಸೂಜಿ ಹಾಕುತ್ತಾರೆ, ದವಾಖಾನೆಗೆ ಹೋಗಲು ಯಾರ ಬಾಗಿಲಲ್ಲೂ ನಿಂತು ಕೇಳಬೇಕಿಲ್ಲ. ನಿಮ್ಮ ಜಗಳ ಕೇಳಿದಾಗ ನನಗೆ ಸಂತೋಷವಾಗುತ್ತದೆ. ಕೂಸು ಇರುತ್ತದೆ ಎಂದು ನಿಮಗೆ ಗೊತ್ತಿದೆಯಲ್ಲ, ಅದಕ್ಕೆ.

ತಮ್ಮನನ್ನು ಮಾರಿದ ಮರುವರ್ಷ, ಮಳೆಗಾಲಕ್ಕೆ ಮುಂಚೆ ಚಾಚಿಯ ಮನೆಯವರು ಸವಣೂರಿಗೆ ವಾಪಸು ಹೊರಟರು. ಎಲೆಬಳ್ಳಿಯ ತೋಟವೊಂದನ್ನು ನೋಡಿಕೊಳ್ಳಬೇಕಾಗಿತ್ತು. ನಾವೆಲ್ಲ ಬಸ್ಸಿನವರೆಗೆ ಕಳಿಸಲು ಹೋದೆವು. ಆಯಿ ಮಾತ್ರ ದಾರಿಯುದ್ದಕ್ಕೂ ತಮ್ಮನನ್ನು ಯಾರ ಕೈಗೂ ಕೊಡಲಿಲ್ಲ. ಆ ವರ್ಷವಿಡೀ ಅವಳು ಅವನನ್ನು ‘ಏ ಕೂಸಾ’ ಎಂದಷ್ಟೇ ಕರೆದಿದ್ದಳು.

ಚಾಚಿ ಬಸ್ಸಿನ ಮೆಟ್ಟಿಲೇರಿ ನಿಂತು ಎರಡೂ ಕೈ ಮುಂದೆ ಚಾಚಿದಳು. “ಕೊಡ್ರಿ ಆಯಿ, ನನ್ನ ಕೂಸು.”

ಅವ್ವ ನನ್ನ ರಟ್ಟೆ ಹಿಡಿದುಕೊಂಡಳು. ಆಯಿ ಅವನ ಅಂಗಿ ಸರಿಮಾಡಿ, ಆಮೇಲೆ ಕೊಟ್ಟಳು. ಚಾಚಿ ಅವನ ಕೆನ್ನೆಗೆ ಮುಖ ಒತ್ತಿ ಹಿಡಿದಳು. ಅವನು ಅವಳ ಕಿವಿಯ ಬಾಲಿ ಹಿಡಿದು ಎಳೆದ.

“ಕೂಸು ಬರ್ತೈತೋ ಇಲ್ಲೋ, ಲಗೂ ಹೇಳ್ರವ್ವಾ!” ಎಂದು ಕಂಡಕ್ಟರ ಒಳಗಿನಿಂದ ಕೂಗಿದ.

“ಆಯಿನ್ನ ಕೇಳಪಾ” ಎಂದಳು ಚಾಚಿ.

ಆಯಿ ಮೇಲೆ ನೋಡಿದಳು. “ಉಮರ್‌ದರಾಜ ಬರಂಗಿಲ್ಲ” ಎಂದಳು. “ಅಂವಾ ನಿನ್ನ ಮಗಾ ಹೌದವ್ವಾ. ನಮ್ಮ ಮನ್ಯಾಗ ಬೆಳೀಲಿ ಬಿಡು.”

ಚಾಚಿ ಬಗ್ಗಿ ಅವನನ್ನು ಆಯಿಯ ಕೈಗೆ ಇಟ್ಟಳು. ಬಸ್ಸು ಹೊರಟಿತು.