ಅತ್ತೆ ಕಾಸಿದ ಮುಲಾಮು

ಆ ಬೇಸಿಗೆಯಲ್ಲಿ ನಮ್ಮ ಅತ್ತೆಯ ಎಡ ಮುಂಗೈ ಮೇಲೆ ಕಂದು ಬಣ್ಣದ ಪಟ್ಟೆಯೊಂದಿತ್ತು, ಚಹಾ ಚೆಲ್ಲಿ ಹರಿದು ಒಣಗಿದ ಹಾಗೆ. ಕೇಳಿದವರಿಗೆ "ಒಲಿ ಸುಟ್ಟೈತಿ" ಎನ್ನುತ್ತಿದ್ದರು. ಸುಟ್ಟದ್ದು ಒಲೆಯಲ್ಲ, ಬಿಸಿಲು.

ನಾನು ಮದುವೆಯಾಗಿ ಕನ್ನೊಳ್ಳಿಗೆ ಬಂದ ಎರಡನೆಯ ವರ್ಷ ನನ್ನ ಬೆರಳುಗಳ ಮೇಲೆ, ತುಟಿಯ ಪಕ್ಕದಲ್ಲಿ ಬಿಳಿ ಕಲೆಗಳು ಕಾಣಿಸಿಕೊಂಡವು. ತೊನ್ನು. ಕಳೆ ತೆಗೆಯಲು ಹೊಲಕ್ಕೆ ಹೋದರೆ ಆ ಕಲೆಗಳು ಮಾತ್ರ ಕೆಂಪಾಗಿ ಉರಿಯುತ್ತಿದ್ದವು. ವಿಜಯಪುರದ ಡಾಕ್ಟರು ಔಷಧಿ ಕೊಟ್ಟು, ಬಿಸಿಲು ತಾಗಿಸಬೇಡ ಎಂದರು. ನಮ್ಮ ಮನೆಯಲ್ಲೇ ಇದ್ದ ಮಾವನವರ ಅಕ್ಕ ನಾನು ಬಡಿದ ರೊಟ್ಟಿ ತಿನ್ನುವುದನ್ನು ಬಿಟ್ಟರು. ದೊಡ್ಡವರು ದನಿ ತಗ್ಗಿಸಿದಾಗಲೆಲ್ಲ, ನನ್ನನ್ನು ತವರಿಗೆ ಕಳಿಸುವ ಮಾತೇ ಇರಬೇಕೆಂದು ಬಾಗಿಲ ಹಿಂದೆ ನಿಂತು ಕಿವಿಗೊಡುತ್ತಿದ್ದೆ.

ಅತ್ತೆ ಸಮಾಧಾನ ಹೇಳುವವರಲ್ಲ. ಕುಸುಬಿ ಎಣ್ಣೆ, ಜೇನುಮೇಣ ತಂದು, ಕುದಿಯುವ ನೀರಿನ ಮೇಲೆ ಬಟ್ಟಲಿಟ್ಟು ಕರಗಿಸಿ ಮುಲಾಮು ಮಾಡಲು ಕೂತರು. ಅವರು ಇಂಡಿ ಕಡೆಯ ಲಿಂಬೆ ತೋಟದಲ್ಲಿ ಬೆಳೆದವರು. ತಲೆಹೊಟ್ಟಿಗೂ ಲಿಂಬೆ, ಹಿಮ್ಮಡಿ ಒಡೆದರೂ ಲಿಂಬೆ. ಈ ಮುಲಾಮಿಗೂ ಒಂದು ಹಣ್ಣು ಹಿಂಡಿದರು. ನಾನು ಬೆರಳು ಚಾಚಿದರೆ ಬಟ್ಟಲು ಎಳೆದುಕೊಂಡರು.

"ತಡಿ. ಮೊದಲ ನಾ ನೋಡ್ತೇನಿ."

ಮುಂಗೈಗೆ ಹಚ್ಚಿಕೊಂಡು ಹೊಲಕ್ಕೆ ಹೋದರು. ಲಿಂಬೆ ರಸ ತಾಗಿದ ಚರ್ಮವನ್ನು ಬಿಸಿಲು ಸುಟ್ಟು, ಮರುದಿನ ಅಲ್ಲಿ ಗುಳ್ಳೆ ಎದ್ದವು; ಅವು ಒಣಗಿ ಆ ಕಂದು ಪಟ್ಟೆ ಉಳಿಯಿತು.

"ನಮ್ಮ ತ್ವಾಟದ ಲಿಂಬೀನ ನನಗ ಹಿಂಗ ಮಾಡ್ತು ನೋಡು" ಎಂದು ನಕ್ಕರು. ಆಮೇಲೆ ನನ್ನ ತುಟಿಯ ಕಡೆ ನೋಡಿ ನಗು ನಿಲ್ಲಿಸಿದರು. ಮುಂದೆ ಲಿಂಬೆಯಿಲ್ಲದೆ ಕಾಸಿದರು. ಪ್ರತಿ ಸಲವೂ ಮೊದಲು ಅವರ ಕೈಗೆ, ಆಮೇಲೆ ನನಗೆ. "ಇದು ಚರ್ಮ ಮೆತ್ತಗ ಇಡತೈತಿ, ಅಷ್ಟ. ಬಿಸಲಿಗೆ ಸೆರಗು ಬೇಕು, ಡಾಕ್ಟರ್ ಕೊಟ್ಟಿದ್ದೂ ಬೇಕು" ಎನ್ನುತ್ತಿದ್ದರು.

ಮೈದುನನಿಗೆ ಹೆಣ್ಣು ಕೊಡುವವರು ಮುದ್ದೇಬಿಹಾಳದಿಂದ ಮನೆ ನೋಡಲು ಬರುವ ದಿನ ಬಂತು.

"ಈಕಿನ್ನ ಒಳಗ ಕುಂದರಸು" ಎಂದರು ಮಾವನವರ ಅಕ್ಕ. "ಕಲಿ ಕಂಡ್ರ ಹೆಣ್ಣ ಕೊಡ್ತಾರೇನು? ತವರಮನಿಗೆ ಕಳಿಸಿದ್ರ ಚಲೋ ಇತ್ತು."

"ಮತ್ತ ಚಾ ಯಾರು ಕೊಡಬೇಕ್ರಿ ಅಕ್ಕಾರ? ಮಣಕಾಲ ಹಿಡಕೊಂಡು ನೀವು ಕೊಡ್ತೀರೇನು?" ಎಂದರು ಅತ್ತೆ.

ಚಹಾ ನಾನೇ ಕೊಟ್ಟೆ. ಹುಡುಗಿಯ ತಾಯಿ ನನ್ನ ಬೆರಳು ನೋಡಿ ಕಪ್ಪನ್ನು ಕೆಳಗಿಟ್ಟರು. ಈ ಸಂಬಂಧ ಮುರಿದರೆ ನನಗೆ ಈ ಮನೆಯಲ್ಲಿ ಜಾಗವಿಲ್ಲವೆಂದು ಗೊತ್ತಿತ್ತು.

ಅತ್ತೆ ಎದ್ದು ಗೋಡೆಯ ಮಾಡದಲ್ಲಿದ್ದ ಮುಲಾಮಿನ ಡಬ್ಬಿ ತಂದರು. ನನ್ನನ್ನು ಎಲ್ಲರ ಮುಂದೆ ಕೂರಿಸಿ ಬೆರಳಿಗೆ, ತುಟಿಯ ಪಕ್ಕಕ್ಕೆ ಸಾವಕಾಶವಾಗಿ ಮುಲಾಮು ಹಚ್ಚಿದರು. ಕೈಯಲ್ಲಿ ಉಳಿದದ್ದನ್ನು ತಮ್ಮ ಕೆನ್ನೆಗೆ ಸವರಿಕೊಂಡರು.

"ಇದು ಅಂಟೂದಲ್ರಿ. ಅಂಟಿದ್ರ ದಿನಾ ಮುಟ್ಟೋ ನನಗ ಮೊದಲ ಅಂಟತಿತ್ತು. ಈಕಿನ್ನ ಮುಚ್ಚಿಟ್ಟು ನಾ ಇನ್ನೊಬ್ಬ ಸೊಸಿ ತರಂಗಿಲ್ಲ. ಒಲ್ಲೆ ಅನ್ನೂದಿದ್ರ ಈಗ ಅಂದುಬಿಡ್ರಿ."

ಹುಡುಗಿಯ ತಾಯಿ ಕಪ್ಪನ್ನು ಎತ್ತಿ ನನ್ನ ಕಡೆ ಚಾಚಿದರು.

"ಚಾ ಆರೇತಿ. ಬಿಸಿ ಮಾಡಿ ಕೊಡವಾ."

ಅವರ ಮಗಳೇ ಈಗ ಮೈದುನನ ಹೆಂಡತಿ, ನನ್ನ ನೆಗೆಣ್ಣಿ.

ಹೋದ ತಿಂಗಳು ಅತ್ತೆ ತೀರಿಕೊಂಡರು. ಎದೆನೋವೆಂದು ಮಲಗಿದವರು ಮತ್ತೆ ಏಳಲಿಲ್ಲ. ಮೈ ತೊಳೆಯುವಾಗ ಹೆಂಗಸರೆಲ್ಲ ಸುತ್ತ ನಿಂತರು. ಹಿಂದೆ ಸರಿ ಎಂದು ನನಗೆ ಯಾರೂ ಹೇಳಲಿಲ್ಲ. ಹೊರಗಿನ ಮಂದಿ ಸೇರಿದಲ್ಲಿ ಹಿಂದೆ ನಿಲ್ಲುವುದು ನನಗೇ ರೂಢಿಯಾಗಿತ್ತು; ಅಂದೂ ಗೋಡೆಯ ಪಕ್ಕ ನಿಂತೆ.

"ಅಕ್ಕಾ, ಎಲ್ಲಿ ನಿಂತೀರಿ?" ಎಂದು ನೆಗೆಣ್ಣಿ ಕರೆದಳು. "ಹಿರಿ ಸೊಸಿ, ನೀವ ಮೊದಲ ನೀರ ಹಾಕಬೇಕು."

ನಾನು ಮುಂದೆ ಹೋದೆ. ಮಾವನವರ ಅಕ್ಕ ನೀರಿನ ಕೊಡವನ್ನು ನನ್ನ ಕಡೆ ಸರಿಸಿದರು.